ಜಿವತಿಯ ಕಣ್ಣು

ಬುಧವಾರ ಸಂಜೆ ಅತ್ತೆಗೆ ಅನ್ನ ತಿನ್ನಿಸುತ್ತಿದ್ದಾಗ ವಾಸಂತಿಗೆ ತನ್ನ ತಪ್ಪು ಗೊತ್ತಾಯಿತು.

ಅತ್ತೆ ಗೋದಾಬಾಯಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಕಾಲು ಮಾತು ಕೇಳದಿದ್ದರೂ ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ತುತ್ತಿಗೊಂದು ಪ್ರಶ್ನೆ ಕೇಳದೆ ನುಂಗುವವರಲ್ಲ.

"ದವಾಖಾನಿ ಜಿವತಿ ಬರದು ಮುಗೀತೇನು?"

"ಮುಗೀತ್ರಿ ಅತ್ತಿ. ಇವತ್ತ ಮುಂಜಾನಿಂದ ಕಿಲ್ನ್ ಒಳಗ ಸುಡ್ಲಿಕ್ಕತ್ತದ."

"ಆವಿಗಿ ಅನ್ನು. ಕುಂಬಾರರ ಆವಿಗಿಗೆ ಇಂಗ್ಲಿಷ್ ಹೆಸರಿಟ್ರ ಏನ್ ತಣ್ಣಗಾಗ್ತದೇನು? ಕಣ್ಣು?"

"ಕಣ್ಣು ಶುಕ್ರವಾರ ಅಲ್ಲೇನ್ರಿ. ಶುಕ್ರವಾರ ಮುಂಜಾನೆ ಎದ್ದು ಬರ..."

ಚಮಚ ಗೋದಾಬಾಯಿಯ ತುಟಿಯ ಹತ್ತಿರ ಬಂದು ನಿಂತುಬಿಟ್ಟಿತು. ಮುದುಕಿ ತೆರೆದ ಬಾಯಿಯನ್ನು ಹಾಗೇ ಇಟ್ಟುಕೊಂಡು ಸೊಸೆಯ ಮುಖ ನೋಡಿದರು.

"ಯಾಕ? ಮೈಗೆ ಚೇಳು ಕಡೀತೇನು?"

ವಾಸಂತಿ ಚಮಚವನ್ನು ತಟ್ಟೆಗೆ ಹಾಕಿದಳು. ಹದಿನಾರು ಟೈಲುಗಳ ಮೇಲೆ ಅವಳು ಬರೆದ ಜಿವತಿ ಈ ಹೊತ್ತಿನಲ್ಲಿ ಊರಿನ ಇನ್ನೊಂದು ತುದಿಯ ಬೆಸೆಂಟ್ ನಗರದ ಒಂದು ಕುಂಬಾರಿಕೆ ಸ್ಟುಡಿಯೊದ ಕಿಲ್ನ್ ಒಳಗೆ ಕೆಂಡದ ಬಣ್ಣಕ್ಕೆ ತಿರುಗಿದ್ದಳು. ಮಕ್ಕಳ ಕಣ್ಣು, ತೊಟ್ಟಿಲಿನ ಹಗ್ಗ, ತಾಯಿಯ ಜಡೆ ಎಲ್ಲಕ್ಕೂ ಕಪ್ಪು ಬಣ್ಣ ಬಿದ್ದಿತ್ತು. ತಾಯಿಯ ಮುಖ ಮಾತ್ರ ಬರೀ ಬಿಳಿ ಗುಂಡು. ಒಮ್ಮೆ ಮೇಲೆ ಬಳಿದ ಹೊಳಪಿನ ಲೇಪ, ಗ್ಲೇಜ್, ಕರಗಿ ಗಾಜಾದರೆ ಒಳಗೆ ಮತ್ತೆ ಕಡ್ಡಿ ಆಡಿಸಲಾಗದು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸೋಮವಾರ ಕಣ್ಣಿನ ಜಾಗಕ್ಕೆ ಬಂದಾಗ ಕೈ ತಾನಾಗಿಯೇ ಪಕ್ಕಕ್ಕೆ ಸರಿದು, ಮಡಿಲ ಮಗುವಿನ ಕಾಲ್ಗೆಜ್ಜೆಗೆ ಹೋಗಿತ್ತು. ಅವಳ ಕೈ ಯಾವತ್ತೂ ಸೋಮವಾರ ಜಿವತಿಗೆ ಕಣ್ಣು ಬರೆದದ್ದಿಲ್ಲ.

"ಹಲೋ ರಂಜನಿ? ಕಿಲ್ನ್ ಆರಿಸ್ಲಿಕ್ಕಾಗ್ತದಾ?" ವಾಸಂತಿ ಬಾಲ್ಕನಿಗೆ ಬಂದು ತಮಿಳಿನಲ್ಲಿ ಕೇಳಿದಳು. ಧ್ವನಿ ಅವಳದೇ ಅನ್ನಿಸಲಿಲ್ಲ.

ರಂಜನಿ ಸ್ಟುಡಿಯೊದ ಒಡತಿ, ವಾಸಂತಿಗಿಂತ ಹತ್ತಾರು ವರ್ಷ ಚಿಕ್ಕವಳು. "ಆರಿಸೋದಾ? ಅಕ್ಕಾ, ಈಗಷ್ಟೇ ಪೂರ್ತಿ ಬಿಸಿ ಮುಟ್ಟಿದೆ. ಇನ್ನು ತಾನಾಗೇ ಆರುತ್ತೆ. ಏನಾಯ್ತು?"

"ಕಣ್ಣು ಬರೆದಿಲ್ಲ."

"ಯಾರ ಕಣ್ಣು?"

"ಅಮ್ಮನ ಕಣ್ಣು."

"ಓ! ನಾನು ಗ್ಲೇಜ್ ಹಾಕುವಾಗ ನೋಡಿದೆ ಅಕ್ಕಾ. ಅದು ನಿಮ್ಮೂರಿನ ಸ್ಟೈಲ್ ಅಂದ್ಕೊಂಡೆ. ಬಹಳ ಮಾಡರ್ನ್ ಆಗಿತ್ತು."

ವಾಸಂತಿ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ಒಳಗಿನಿಂದ ಗೋದಾಬಾಯಿ ಕೂಗಿದರು: "ಅರ್ಧಾ ಉಂಡೀನಿ. ಅರ್ಧಾ ಉಳದದ. ಬರ್ತಿಯೋ, ನಾಳೆ ಬರ್ತಿಯೋ?"

*

ವಾಸಂತಿಯ ಗಂಡ ಗಿರಿಧರ್ ಅವರ ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಪೆರಂಬೂರಿಗೆ ವರ್ಗವಾಗಿ ಬಂದವರು. ತಂದೆ ಗುಂಡಣ್ಣ ಅದೇ ರೈಲ್ವೆಯಲ್ಲಿ ದುಡಿದರು. ಗಿರಿಧರ್ ಬೋಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದರು. ಮೂರು ತಲೆಮಾರು ಪೆರಂಬೂರಿನ ಸಂತೆಯಲ್ಲಿ ತಮಿಳು ಮಾತಾಡಿ, ಹೊಸ್ತಿಲೊಳಗೆ ಹುಬ್ಬಳ್ಳಿಯ ಮಾತನ್ನೇ ಉಳಿಸಿಕೊಂಡ ಮನೆ ಅದು. ಗದುಗಿನ ವಾಸಂತಿ ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಶ್ರಾವಣದಲ್ಲಿ ಗೋದಾಬಾಯಿ ಅವಳ ಮುಂದೆ ನೆನೆಸಿದ ಅಕ್ಕಿಯ ಪಾತ್ರೆ ಇಟ್ಟು, "ನುಣ್ಣಗ ರುಬ್ಬು, ಗೋಡಿಗೆ ಜಿವತಿ ಬರೀಬೇಕು" ಎಂದಿದ್ದರು.

ಜಿವತಿ ಮಕ್ಕಳನ್ನು ಕಾಯುವ ತಾಯಿ. ಶ್ರಾವಣದ ಶುಕ್ರವಾರಗಳಲ್ಲಿ ಅವಳ ಪೂಜೆ. ಮನೆಯ ತಾಯಂದಿರು ಅವಳಿಗೆ ಆರತಿ ಎತ್ತಿ, ದೂರದಲ್ಲಿರುವ ಮಕ್ಕಳ ಹೆಸರು ಹೇಳಿ ನಾಲ್ಕು ದಿಕ್ಕಿಗೂ ಅಕ್ಷತೆ ಹಾಕುತ್ತಾರೆ. ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯ ಗೋಡೆಗೆ ಗೋದಾಬಾಯಿ ಕೆಮ್ಮಣ್ಣು ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿಂದಿಬಟ್ಟೆ ಅದ್ದಿ ಅಂಗೈಯಲ್ಲಿ ಹಿಂಡಿದರೆ ಹಿಟ್ಟು ಉಂಗುರದ ಬೆರಳಿನ ತುದಿಗಿಳಿದು ಗೆರೆಯಾಗುತ್ತಿತ್ತು. ಹಸಿಯಿದ್ದಾಗ ಏನೂ ಕಾಣದು. ಒಣಗುತ್ತ ಒಣಗುತ್ತ ಕೆಂಪು ಗೋಡೆಯೊಳಗಿಂದ ಎದ್ದು ಬಂದಂತೆ ಕೂತ ತಾಯಿ, ಅವಳ ಮಡಿಲಲ್ಲೊಂದು ಮಗು, ಪಕ್ಕದಲ್ಲಿ ತೊಟ್ಟಿಲು, ಸುತ್ತ ಆಡುವ ಮಕ್ಕಳು, ಮೇಲೆ ಸೂರ್ಯ ಚಂದ್ರ ಬೆಳ್ಳಗೆ ಮೂಡುತ್ತಿದ್ದರು. ಕಣ್ಣು ಮಾತ್ರ ಕೊನೆಗೆ. ಶುಕ್ರವಾರ ಅಡುಗೆಯೆಲ್ಲ ಮುಗಿದು, ಹೋಳಿಗೆಯ ತಟ್ಟೆ ಮುಂದೆ ಬಂದ ಮೇಲೆ, ಎಲೆ ಹಚ್ಚುವ ಕಡ್ಡಿಯನ್ನು ಕಾಡಿಗೆಯಲ್ಲಿ ಅದ್ದಿ ಎರಡು ಕಣ್ಣು.

ಹೊಸ ಸೊಸೆ ಯಾಕೆಂದು ಕೇಳಿದ್ದಳು.

"ಕಣ್ಣ ತೆರದ ಕೂಡಲೇ ಆಕಿಗೆ ಹಸಿವಾಗ್ತದವಾ. ಅಡಿಗಿ ತಯಾರಿಲ್ಲದ ಕಣ್ಣ ತೆರಸಿ ಕೂಡಸಿದ್ರ ಮನೀ ಮಕ್ಕಳ ಮ್ಯಾಲ ಹಸದ ನೋಟ ಬೀಳ್ತದ."

ಹಾಗಾಗಿ ಜಿವತಿ ಎಷ್ಟು ಹೊತ್ತಿಗೆ ಕಣ್ಣು ತೆರೆಯುತ್ತಾಳೆ ಎಂಬುದು ಸೊಸೆಯ ಕೈ ಎಷ್ಟು ಚುರುಕು ಎಂಬುದರ ಮೇಲೆ ನಿಂತಿತ್ತು. ಹೂರಣ ರುಬ್ಬುವುದು ತಡವಾದರೆ ದೇವಿ ಕುರುಡಿಯಾಗಿಯೇ ಕಾಯಬೇಕು. ಮನೆಯ ಗಂಡಸರು ಮಡಿ ಉಟ್ಟು ಪೇಪರ್ ಓದುತ್ತ ಕಾಯುತ್ತಿದ್ದರು. ಶ್ರಾವಣ ಕಳೆದ ಮೇಲೆ ಗೋಡೆ ಒರೆಸುವುದೂ ವಾಸಂತಿಯೇ. ಬಕೆಟ್ಟಿನಲ್ಲಿ ಕೆಂಪು ನೀರು ಇಳಿಯುವಾಗ ಪ್ರತಿ ವರ್ಷವೂ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಗೋಡೆ ಒರೆಸಿದ್ದಕ್ಕೆ ಅತ್ತಳೆಂದರೆ ನಗುತ್ತಿದ್ದರು.

ಆಮೇಲೆ ಒರೆಸುವ ಕೆಲಸವೂ ಉಳಿಯಲಿಲ್ಲ. ಗಿರಿಧರ್ ಕ್ವಾರ್ಟರ್ಸ್ ಬಿಟ್ಟು ಸ್ವಂತ ಫ್ಲ್ಯಾಟ್ ಕೊಂಡು, ಗೋಡೆಗೆ ದುಬಾರಿ ಬಣ್ಣ ಬಳಿಸಿದರು. ಮೊದಲ ಶ್ರಾವಣಕ್ಕೆ ತಾವೇ ಹುಬ್ಬಳ್ಳಿಯಿಂದ ಅಚ್ಚಿನ ಜಿವತಿ ಪಟ ತರಿಸಿ, "ನಿಂಗ ಕೆಲಸ ಉಳೀತು ನೋಡು" ಎಂದು ಫ್ರಿಜ್ಜಿನ ಪಕ್ಕಕ್ಕೆ ಮ್ಯಾಗ್ನೆಟ್ ಇಟ್ಟು ಅಂಟಿಸಿದರು. ಉಳಿಸಬಹುದಾಗಿದ್ದ ಎಷ್ಟೋ ಕೆಲಸಗಳಿದ್ದವು. ಅವರು ಉಳಿಸಿದ್ದು ಅದೊಂದನ್ನೇ.

ಮಣ್ಣಿನ ಹತ್ತಿರ ಅವಳು ಹೋದದ್ದು ಮಗಳ ದುಡ್ಡು ದಂಡವಾಗಬಾರದೆಂದು. ಚಿನ್ಮಯಿ ವಾರಾಂತ್ಯದ ಪಾಟರಿ ಕ್ಲಾಸಿಗೆ ಸೇರಿ, ಎರಡು ದಿನ ಹೋಗಿ, ಆಫೀಸಿನ ಕೆಲಸ ಹೆಚ್ಚಾಗಿ ಬಿಟ್ಟಳು. "ಅಮ್ಮಾ, ನೀ ಪೋಯೇನ್, ಪ್ಲೀಸ್. ರೀಫಂಡ್ ಇಲ್ಲ" ಎಂದು ತನ್ನ ಬದಲು ಅಮ್ಮನನ್ನೇ ಹೋಗಲು ಹೇಳಿದಳು. ವಾಸಂತಿ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದೇ 29ಸಿ ಬಸ್ ಹತ್ತಿ ಬೆಸೆಂಟ್ ನಗರಕ್ಕೆ ಹೋದಳು. ಹೆಂಗಸರ ಹತ್ತಿರ ಟಿಕೆಟ್ ದುಡ್ಡು ಕೇಳದ ಬಸ್ಸು ಅದಾಗಿರದಿದ್ದರೆ ಮರುವಾರ ಹೋಗುತ್ತಿದ್ದಳೋ ಇಲ್ಲವೋ. ಒದ್ದೆ ಕೆಂಪು ಮಣ್ಣಿನ ಮೇಲೆ ಬಿಳಿ ಮಣ್ಣಿನ ನೀರಿನಿಂದ ಗೆರೆ ಎಳೆಯಲು ರಂಜನಿ ಹಿಂಡುವ ರಬ್ಬರಿನ ಬುಗ್ಗೆಯೊಂದನ್ನು ಕೊಟ್ಟಳು. ವಾಸಂತಿ ಅದನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಕರ್ಚೀಫ್ ಅದ್ದಿ ಹಿಂಡಿದಳು. ಗೆರೆ ಉಂಗುರದ ಬೆರಳಿನಿಂದ ಇಳಿದು ಬಂತು. ಅಷ್ಟು ವರ್ಷದ ಮೇಲೂ ನಡುಗಲಿಲ್ಲ.

ಮೊದಲು ತಟ್ಟೆಗಳನ್ನು ಮಾಡಿದಳು. ತೊಟ್ಟಿಲು, ಗಿಳಿ, ತುಳಸಿಕಟ್ಟೆ. ಜಿವತಿಯನ್ನು ತಟ್ಟೆಗೆ ಬರೆಯಲಿಲ್ಲ. ಅವಳ ಮೇಲೆ ಅನ್ನ ಕಲಸಿ ತಿಂದು, ಮುಸುರೆಯೆಂದು ತಿಕ್ಕುವುದು ಹೇಗೆ? ಅವಳಿಗೆ ಗೋಡೆಯೇ ಬೇಕು.

ಆ ಗೋಡೆ ಸಿಕ್ಕಿತು. ಪೆರಂಬೂರಿನಲ್ಲೇ ಒಂದು ಧರ್ಮಸಂಸ್ಥೆಯವರ ಆಸ್ಪತ್ರೆಗೆ ಹೊಸ ಹೆರಿಗೆ ವಾರ್ಡು ಕಟ್ಟುತ್ತಿದ್ದರು. ಅದರ ಟೈಲ್ಸ್ ಕೆಲಸ ರಂಜನಿಗೆ ಬಂತು. ಟ್ರಸ್ಟಿ ಶ್ರೀನಾಥ್ ಮೈಸೂರು ಕಡೆಯವರು. ವಾಸಂತಿಯ ಚಿತ್ರ ನೋಡಿ ಒಪ್ಪಿದರು. ಒಪ್ಪಿಗೆಯ ಜೊತೆಗೇ ಒಂದು ಮಾತು ಸೇರಿಸಿದರು: "ಶ್ರಾವಣದ ಮೊದಲ ಶುಕ್ರವಾರ ಹನ್ನೊಂದಕ್ಕೆ ಉದ್ಘಾಟನೆ ಕಣಮ್ಮ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ನಮ್ಮತ್ರ ಒಂದು ಫ್ಲೆಕ್ಸ್ ರೆಡಿ ಇದೆ. ಮಗು ನಗ್ತಾ ಇರೋದು. ತುಂಬ ಚೆನ್ನಾಗಿದೆ, ಅದನ್ನೇ ಹಾಕಿಬಿಡ್ತೀವಿ." ಆ ಫ್ಲೆಕ್ಸನ್ನು ವಾಸಂತಿ ನೋಡಿದ್ದಳು. ಎಲ್ಲಿಯದೋ ದೇಶದ ಮಗು. ನೀಲಿ ಕಣ್ಣು. ಇಷ್ಟಗಲ ತೆರೆದಿದ್ದವು.

*

ಗುರುವಾರ ಮನೆ ಬಿಟ್ಟು ಹೊರಡುವುದೆಂದರೆ ಮನೆಯನ್ನು ಮಡಚಿ ಡಬ್ಬಿಗಳಲ್ಲಿ ತುಂಬಿಟ್ಟು ಹೊರಡಬೇಕು. ಅತ್ತೆಗೆ ಸ್ನಾನ, ಬೆನ್ನಿಗೆ ಪೌಡರು, ಹಾಸಿಗೆಯ ಪ್ಲಾಸ್ಟಿಕ್ ಹಾಳೆ ಬದಲು. ಸಾರು ಒಂದರಲ್ಲಿ, ಖಾರವಿಲ್ಲದ ಸಾರು ಇನ್ನೊಂದರಲ್ಲಿ. ಗುಳಿಗೆಗಳನ್ನು ಹೊತ್ತಿನ ಪ್ರಕಾರ ಬಟ್ಟಲುಗಳಿಗೆ ಹಾಕಿ ಮೇಲೆ ತಟ್ಟೆ ಮುಚ್ಚಿದಳು. ನಾಳೆಯ ಹೋಳಿಗೆಗೆ ಕಡಲೆಬೇಳೆ ಅಳೆದು, ನೆನೆಹಾಕದೆ ಹಾಗೇ ಇಟ್ಟಳು. ನಾಳೆ ಏನು ಎಂಬುದೇ ಗೊತ್ತಿರಲಿಲ್ಲ.

"ನೀ ಹೋಗು, ನಾ ಎಲ್ಲಾ ನೋಡ್ಕೋತೀನಿ" ಎಂದರು ಗಿರಿಧರ್. "ಆದ್ರ ಒಂದ್ ಮಾತು. ಇಷ್ಟ ಒದ್ದಾಡಿ ಮಾಡೋದು ಯಾತಕ್ಕ? ಕಣ್ಣಿಲ್ಲದಿದ್ರ ಏನಾತು, ನೋಡೋ ಮಂದಿಗೆ ತಿಳೀತದೇನು?"

"ತಿಳೀತದೋ!" ಒಳಗಿನಿಂದ ಗೋದಾಬಾಯಿ ಕೂಗಿದರು. "ನಿನ್ನ ಹಡಿಯೋ ಹೊತ್ತಿಗೆ ನಾ ಗೋಡಿ ಮ್ಯಾಲಿನ ಆಕಿ ಕಣ್ಣ ನೋಡ್ಕೋತ ಹಡದೀನಿ. ಫ್ಯಾನ್ ನೋಡ್ಕೋತ ಅಲ್ಲ."

ಗಿರಿಧರ್ ಸಹಾಯ ಮಾಡುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವರ ಸಹಾಯ ಪ್ರಶ್ನೆಗಳ ರೂಪದಲ್ಲಿ ಬರುತ್ತಿತ್ತು. ಬಸ್ಸು ಪುರಸವಾಕ್ಕಂ ದಾಟುವಷ್ಟರಲ್ಲಿ ಮೊದಲ ಕರೆ.

"ಅಮ್ಮಗ ಯಾವ ಸಾರು? ಸ್ಟೀಲ್ ಡಬ್ಬಿದೋ, ಹಿತ್ತಾಳಿದೋ?"

"ಸ್ಟೀಲು."

"ಸ್ಟೀಲಿನ್ವು ಎರಡ ಅವ."

"ಸಣ್ಣದು. ಬಾಯಾಗ ಹಾಕ್ಕೊಂಡು ನೋಡ್ರಿ, ಖಾರ ಇಲ್ಲದ್ದು."

ಮೈಲಾಪುರದಲ್ಲಿ ಎರಡನೆಯ ಕರೆ. ಅಡ್ಯಾರಿನಲ್ಲಿ ಮೂರನೆಯದು ಬಂದಾಗ ವಾಸಂತಿ ಫೋನನ್ನು ಚೀಲದೊಳಗೆ ಹಾಕಿ, ಅದು ದಾರಿಯಲ್ಲಿ ಕೊಂಡ ಕೊತ್ತಂಬರಿಯಡಿ ಗುರುಗುಡುವುದನ್ನು ತೊಡೆಯ ಮೇಲೆ ಅನುಭವಿಸುತ್ತ ಕೂತಳು. ಎತ್ತದಿರುವುದಕ್ಕೂ ಧೈರ್ಯ ಬೇಕು. ಅತ್ತೆ ಮಗ್ಗುಲಾಗಲು ಹೋಗಿ ಬಿದ್ದಿದ್ದರೆ? ಕಿಲ್ನ್‌ನೊಳಗೆ ಟೈಲು ಸೀಳುಬಿಟ್ಟಿದ್ದರೆ? ಎರಡು ಹೆದರಿಕೆಗಳ ನಡುವೆ ಬಸ್ಸು ಸಿಗ್ನಲ್ಲಿಗೊಮ್ಮೆ ನಿಲ್ಲುತ್ತ ಸಾಗಿತು. ಕೊನೆಗೆ ತಡೆಯಲಾರದೆ ಫೋನ್ ಎತ್ತಿದಳು. ಗಿರಿಧರ್ ಕೇಳಿದ್ದು ಟಿವಿ ರಿಮೋಟ್.

ರಂಜನಿ ಕಿಲ್ನ್ ಬಾಗಿಲನ್ನು ಒಂದು ಬೆರಳಗಲ ತೆರೆದು ಕಾಯುತ್ತಿದ್ದಳು. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. "ಕವಲೆಪಡಾದೀಂಗ ಅಕ್ಕಾ" ಎಂದಳು. ಚಿಂತೆ ಮಾಡಬೇಡಿ ಎಂದು ಹೇಳುವವಳ ಮುಖದಲ್ಲೂ ಚಿಂತೆಯಿತ್ತು.

ಒಂದೊಂದೇ ಟೈಲು ಹೊರಗೆ ಬಂದಿತು. ಕೆಮ್ಮಣ್ಣು ಒದ್ದೆಯಾದಾಗ ಕಾಣುವ ಬಣ್ಣ, ಆದರೆ ಆರದ ಒದ್ದೆ. ಅದರೊಳಗೆ ಬಿಳಿ ಗೆರೆಗಳು. ಒಂದೂ ಸೀಳುಬಿಟ್ಟಿರಲಿಲ್ಲ, ಸೊಟ್ಟಗಾಗಿರಲಿಲ್ಲ. ನೆಲದ ಮೇಲೆ ಸಾಲಾಗಿ ಜೋಡಿಸಿದಾಗ ಗೆರೆಗೆ ಗೆರೆ ಕೂಡಿತು. ಮಕ್ಕಳೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದರು. ಅವರ ನಡುವೆ ತಾಯಿ ಬೆಳ್ಳಗೆ, ಬೋಳಾಗಿ ಕೂತಿದ್ದಳು. ಹೆರಿಗೆ ನೋವಿನಲ್ಲಿರುವ ಹೆಣ್ಣೊಬ್ಬಳು ತಲೆ ಹೊರಳಿಸಿ ಈ ಮುಖ ನೋಡಿದರೆ?

"ಪರ್ಮನೆಂಟ್ ಮಾರ್ಕರ್ ಅಮ್ಮಾ! ಟೆನ್ಷನ್ ಬ್ಯಾಡ" ಎಂದು ಚಿನ್ಮಯಿ ಆಫೀಸಿನಿಂದ ಮೆಸೇಜ್ ಕಳಿಸಿದ್ದಳು. ರಂಜನಿ ತಲೆಯಾಡಿಸಿದಳು. ಆಸ್ಪತ್ರೆಯ ಗೋಡೆಗೆ ದಿನಾ ಫಿನಾಯಿಲ್ ಬೀಳುತ್ತದೆ. ಒಂದು ತಿಂಗಳಲ್ಲಿ ಅಳಿಸಿಹೋಗುತ್ತದೆ.

"ಇನ್ನೊಂದು ದಾರಿ ಇದೆ ಅಕ್ಕಾ. ಈ ಒಂದು ಟೈಲ್ ಮಾತ್ರ. ಗ್ಲೇಜ್ ಮೇಲೇ ಕಪ್ಪು ಬಣ್ಣ ಇಟ್ಟು, ಚಿಕ್ಕ ಕಿಲ್ನ್‌ನಲ್ಲಿ ಮತ್ತೆ ಸುಡೋದು. ಗ್ಲೇಜ್ ಕರಗಬೇಕು, ಬಣ್ಣ ಅದರೊಳಗೆ ಇಳೀಬೇಕು. ಬೆಳಿಗ್ಗೆ ಹೊತ್ತಿಗೆ ತೆಗೀಬಹುದು."

"ಬಣ್ಣ ಕೂರುತ್ತಾ?"

"ಕೂರಬಹುದು. ಬಣ್ಣ ಹರಿದು ಮುಖ ಪೂರ್ತಿ ಮಸಿಯಾಗಬಹುದು. ಎರಡನೇ ಸಲ ಬಿಸಿಯಾಗುವಾಗ ಟೈಲ್ ಒಡೀಬಹುದು. ಒಡೆದರೆ ನಡುವೆ ತೂತು. ಹೊಸದು ಮಾಡಕ್ಕೆ ಹದಿನೈದು ದಿನ ಬೇಕು." ರಂಜನಿ ಸ್ವಲ್ಪ ತಡೆದು ಸೇರಿಸಿದಳು. "ಹೀಗೇ ಬಿಟ್ಟರೂ ಚೆನ್ನಾಗಿದೆ ಅಕ್ಕಾ, ನಿಜವಾಗ್ಲೂ."

ವಾಸಂತಿ ಮುಖದ ಟೈಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಇನ್ನೂ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಬೆನ್ನಿನಂತೆ. ಮನೆಯಲ್ಲಿ ಬೇಳೆ ನೆನೆದಿಲ್ಲ. ಹೂರಣವಿಲ್ಲ, ಅನ್ನವಿಲ್ಲ, ಮಡಿಯಿಲ್ಲ. ಇದು ಶುಕ್ರವಾರವೂ ಅಲ್ಲ. ಈಗ ಕಣ್ಣು ತೆರೆಸಿದರೆ ಎದುರಿಗೆ ಇಡಲು ಚೀಲದಲ್ಲಿ ಕೊತ್ತಂಬರಿ ಕಟ್ಟೊಂದೇ ಇತ್ತು. ಎಲ್ಲ ತಯಾರಾಗುವ ತನಕ ಕಾದರೆ ಈ ದೇವಿ ಕಣ್ಣು ತೆರೆಯುವುದು ಯಾವಾಗ? ಅಡುಗೆ ಯಾವತ್ತು ಮುಗಿದಿದೆ?

"ಒಂದು ಊದಿನಕಡ್ಡಿ ಕೊಡು" ಎಂದಳು.

ರಂಜನಿ ಉರಿದು ಉಳಿದ ಒಂದು ಬಿದಿರುಕಡ್ಡಿ ಕೊಟ್ಟಳು. ವಾಸಂತಿ ಅದರ ತುದಿಯನ್ನು ಹಲ್ಲಿನಿಂದ ಜಜ್ಜಿ, ಕಪ್ಪು ಬಣ್ಣದಲ್ಲಿ ಅದ್ದಿದಳು. ಗೋಡೆಯಲ್ಲಾದರೆ ತಪ್ಪಿದ ಗೆರೆಯನ್ನು ಉಗುರಿನಿಂದ ಕೆರೆದು ಮತ್ತೆ ಬರೆಯಬಹುದಿತ್ತು. ಗಾಜಿನ ಮೇಲೆ ಕಡ್ಡಿ ಜಾರುತ್ತಿತ್ತು. ಉಸಿರು ಹಿಡಿದು ಎಡಗಣ್ಣು. ನಿಲ್ಲಿಸಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡು ಬಲಗಣ್ಣು. ಹೊಟ್ಟೆ ಚುರುಗುಟ್ಟಿತು. ಬೆಳಗಿನಿಂದ ತಾನು ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

ಚಿಕ್ಕ ಕಿಲ್ನ್ ಬಾಗಿಲು ಮುಚ್ಚಿತು. ಉಳಿದ ಟೈಲುಗಳನ್ನು ರಂಜನಿಯ ಕಾರಿನಲ್ಲಿ ಹಳೇ ಸೀರೆಗಳ ನಡುವೆ ಪೇರಿಸಿ ಪೆರಂಬೂರಿಗೆ ಕಳಿಸಿದರು.

*

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ವಾಸಂತಿ ಅತ್ತೆಯ ಹಾಸಿಗೆ ಬದಲಿಸಿ, ಕಾಫಿ ಕುಡಿಸಿ, ಸ್ನಾನ ಮಾಡಿ ಚಪ್ಪಲಿ ಮೆಟ್ಟಿದ್ದಳು. ಒಲೆ ತಣ್ಣಗಿತ್ತು. ಗಿರಿಧರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ತಣ್ಣನೆಯ ಒಲೆಯನ್ನೇ ನೋಡಿದರು.

"ಇವತ್ತ ಜಿವತಿ ಶುಕ್ರವಾರ ಅಲ್ಲೇನು? ಹೋಳಿಗಿ?"

"ಬ್ಯಾಳಿ ಅಳದ ಇಟ್ಟೀನಿ. ಕಟ್ಟಿ ಮ್ಯಾಲ ಅದ."

"ಅಂದ್ರ?"

"ಅಂದ್ರ, ಕಟ್ಟಿ ಮ್ಯಾಲ ಅದ."

"ಅಂಗಡಿ ಹೋಳಿಗಿ ತರ್ಲೇನು? ಇಲ್ಲೇ ಸಿಗ್ತಾವ, ಬಿಸಿ ಬಿಸಿ."

ಗೋದಾಬಾಯಿ ಮಲಗಿದಲ್ಲಿಂದಲೇ ನಕ್ಕರು. "ತಾರೋ ಗಿರಿಯಾ, ತಾ. ಫ್ರಿಜ್ಜಿನ ಮ್ಯಾಲಿನ ಆಕಿಗೆ ಅಂಗಡಿದೇ ಸರಿ ಹೋಗ್ತದ."

ಬೆಸೆಂಟ್ ನಗರದಲ್ಲಿ ರಂಜನಿ ಇನ್ನೂ ನೈಟಿಯಲ್ಲಿದ್ದಳು. ಚಿಕ್ಕ ಕಿಲ್ನ್ ಬಾಗಿಲನ್ನು ಇಬ್ಬರೂ ಒಟ್ಟಿಗೆ ನೋಡಿದರು. ಕೊನೆಗೆ ವಾಸಂತಿ ಕೈ ಹಾಕಿದಳು.

ಒಡೆದಿರಲಿಲ್ಲ.

ಕಣ್ಣುಗಳಿದ್ದವು. ಬರೆದ ಹಾಗೆಯೇ ಇರಲಿಲ್ಲ. ಗ್ಲೇಜ್ ಕರಗುವಾಗ ಕಪ್ಪು ಸ್ವಲ್ಪ ಇಳಿದು, ಕೆಳರೆಪ್ಪೆಯ ಕೆಳಗೆ ತೆಳುವಾಗಿ ಹರಡಿತ್ತು. ಎಡಗಣ್ಣಿನಲ್ಲಿ ಕೊಂಚ ಹೆಚ್ಚು. ಸೊಗಸಾದ ದೇವರ ಕಣ್ಣಲ್ಲ. ರಾತ್ರಿಯೆಲ್ಲ ಮಗು ಅತ್ತು, ಬೆಳಿಗ್ಗೆ ಮುಖ ತೊಳೆಯಲು ಪುರಸೊತ್ತಾಗದ ಹೆಂಗಸಿನ ಕಣ್ಣು.

"ಹರಿದಿದೆ ಅಕ್ಕಾ" ಎಂದಳು ರಂಜನಿ ಮೆಲ್ಲಗೆ. "ಒಪ್ತಾರಾ?"

ವಾಸಂತಿ ಟೈಲನ್ನು ಹಳೇ ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡಳು. "ಮೆಲ್ಲಗಪ್ಪಾ, ಮೆಲ್ಲಗೆ" ಎಂದು ಪ್ರತಿ ಹಳ್ಳಕ್ಕೂ ಕೂಗಿದಳು. ಆಟೋದವನು ಕನ್ನಡಿಯಲ್ಲಿ ನೋಡಿ, "ಕೈಗೂಸಾ ಅಮ್ಮಾ?" ಎಂದ. ಮೆಟ್ರೊ ಕೆಲಸಕ್ಕೆ ಅಗೆದ ರಸ್ತೆಯಲ್ಲಿ ಅರ್ಧ ಗಂಟೆ ನಿಂತಲ್ಲೇ ನಿಂತಾಗ ಅವಳ ಬೆವರು ಟವೆಲಿಗೆ ಇಳಿಯಿತು. ಶ್ರೀನಾಥ್ ಎರಡು ಸಲ ಫೋನ್ ಮಾಡಿದರು. ಎರಡನೆಯ ಸಲ ಅವರ ಹಿಂದೆ ಏಣಿ ಎಳೆಯುವ ಸದ್ದು ಕೇಳಿಸಿತು.

ವಾರ್ಡಿನ ಗೋಡೆಯಲ್ಲಿ ಟೈಲುಗಳೆಲ್ಲ ಕೂತಿದ್ದವು. ನಡುವೆ ಒಂದು ಚೌಕ ಸಿಮೆಂಟು. ಅದರ ಕೆಳಗೆ ನೀಲಿ ಕಣ್ಣಿನ ಮಗುವಿನ ಫ್ಲೆಕ್ಸನ್ನು ಅರ್ಧ ಬಿಚ್ಚಿ ನೆಲಕ್ಕೆ ಹಾಸಿದ್ದರು. ಇಬ್ಬರು ಅದರ ಮೂಲೆಗಳಿಗೆ ದಾರ ಕಟ್ಟುತ್ತಿದ್ದರು.

"ಬಂದ್ರಾ ವಾಸಂತಿಯವ್ರೇ! ನಾನು ಆಸೆನೇ ಬಿಟ್ಟಿದ್ದೆ." ಶ್ರೀನಾಥ್ ಟವೆಲ್ ಬಿಚ್ಚಿ ನೋಡಿದರು. ಕನ್ನಡಕ ಮೇಲೆ ಕೆಳಗೆ ಮಾಡಿದರು. "ಏನಮ್ಮಾ ಇದು, ಅತ್ತ ಹಾಗಿದೆಯಲ್ಲ? ಶುಭ ಕಾರ್ಯ ಇದು."

"ಅತ್ತದ್ದಲ್ರಿ." ವಾಸಂತಿಗೆ ತನ್ನ ಧ್ವನಿ ಗಟ್ಟಿಯಾಗಿದ್ದದ್ದು ಆಶ್ಚರ್ಯವಾಯಿತು. "ನಿದ್ದಿ ಇಲ್ಲ ಆಕಿಗೆ. ಇಷ್ಟ ಮಕ್ಕಳ್ನ ಸಾಕೋಳಿಗೆ ನಿದ್ದಿ ಎಲ್ಲಿಂದ ಬರ್ತದ? ನಿಮ್ಮ ಮನ್ಯಾಗ ಕೇಳಿ ನೋಡ್ರಿ."

ಏಣಿಯ ಹತ್ತಿರ ನಿಂತಿದ್ದ ದಪ್ಪನೆಯ ನರ್ಸ್ ಒಬ್ಬಳು ಟೈಲನ್ನು ಬಗ್ಗಿ ನೋಡಿ, ಅವರು ಏನು ಮಾತಾಡಿದರೆಂದು ತಿಳಿಯದೆಯೇ ತಮಿಳಿನಲ್ಲಿ ಹೇಳಿದಳು: "ನೈಟ್ ಡ್ಯೂಟಿ ಮುಗಿಸಿ ಬಂದ ಹಾಗಿದ್ದಾಳೆ ಸಾರ್. ನಮ್ಮವಳೇ."

ಶ್ರೀನಾಥ್ ಗಡಿಯಾರ ನೋಡಿದರು, ಫ್ಲೆಕ್ಸ್ ನೋಡಿದರು, ನರ್ಸಿನ ಮುಖ ನೋಡಿದರು. ಆಮೇಲೆ ಮೇಸ್ತ್ರಿಗೆ ಕೈಸನ್ನೆ ಮಾಡಿದರು. ಮೇಸ್ತ್ರಿ ಹಿಂದೆ ಅಂಟು ಬಳಿದು, ಟೈಲನ್ನು ಚೌಕಕ್ಕೆ ಒತ್ತಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ವಾಸಂತಿ ಎರಡು ಸಲ 'ಸಾಕು' ಎನ್ನಲು ಬಾಯಿ ತೆರೆದು ಮುಚ್ಚಿದಳು.

ಗೆರೆ ಕೂಡಿತು. ಅವಳು ಮನೆಗೆ ವಿಡಿಯೊ ಕರೆ ಮಾಡಿದಳು. ಗಿರಿಧರ್ ಫೋನನ್ನು ಅಮ್ಮನ ಮುಖಕ್ಕೆ ತೀರ ಹತ್ತಿರ ಹಿಡಿದಿದ್ದರು. ಪರದೆಯ ತುಂಬ ಗೋದಾಬಾಯಿಯ ಮೂಗು. ಹಿಂದೆ ಕುಕ್ಕರ್ ಕೂಗುವುದು ಕೇಳಿಸಿತು. ಬೇಳೆಯೋ ಅನ್ನವೋ, ವಾಸಂತಿ ಕೇಳಲಿಲ್ಲ.

ಮುದುಕಿ ಮಗನ ಕೈಯನ್ನು ಹಿಂದಕ್ಕೆ ತಳ್ಳಿ ನೋಡಿದರು.

"ಒಲಿ ಮುಂದಿಂದ ಎದ್ದು ಬಂದಾಳಲ್ಲ."

"ಹೌದ್ರಿ."

"ಕಣ್ಣ ತೆರದಾಳ. ಏನ್ ಕೊಟ್ಟಿ ಆಕಿಗೆ?"

"ಏನೂ ಮಾಡಿಲ್ರಿ ಅತ್ತಿ."

ಗೋದಾಬಾಯಿ ಬೈಯುತ್ತಾರೆಂದು ವಾಸಂತಿ ಕಾದಳು. ಮುದುಕಿಯ ತುಟಿ ಅಲುಗಿತು, ನಗುವಿಗೋ ಜಪಕ್ಕೋ.

"ಹೋಗ್ಲಿ ಬಿಡು. ಆಕೀನೂ ಒಮ್ಮೆ ಯಾರರೇ ಮಾಡಿ ಕೊಡ್ಲಿ ಅಂತ ಕಾಯ್ಲಿ. ನೀ ಏನರೇ ತಿಂದ್ಯಾ?"

ಆ ಪ್ರಶ್ನೆಯನ್ನು ಈ ಮನೆಯಲ್ಲಿ ತನಗೆ ಯಾರಾದರೂ ಹಿಂದೆ ಕೇಳಿದ್ದರೇ ಎಂದು ವಾಸಂತಿ ಯೋಚಿಸುತ್ತಿರುವಾಗಲೇ ಸಿಗ್ನಲ್ ಹೋಯಿತು.

ಉದ್ಘಾಟನೆಗೆ ಇನ್ನು ಸ್ವಲ್ಪವೇ ಹೊತ್ತು. ಗುಡಿಸುವ ಹೆಂಗಸು ಬಕೆಟ್ ಎಳೆದುಕೊಂಡು ಬಂದಳು. ಗೋಡೆಯ ಮೇಲೆ ಮೇಸ್ತ್ರಿಯ ಕೈಯ ಸಿಮೆಂಟು, ಅಂಟಿನ ಕಲೆ ಅಲ್ಲಲ್ಲಿ ಉಳಿದಿದ್ದವು. ಅವಳು ಬಟ್ಟೆ ಹಿಂಡುತ್ತ ವಾಸಂತಿಯನ್ನು ಕೇಳಿದಳು:

"ಇದನ್ನ ಒರೆಸಬಹುದಾಮ್ಮಾ? ಬಣ್ಣ ಬಿಡುತ್ತಾ?"

ವಾಸಂತಿಯ ಕಣ್ಣ ಮುಂದೆ ಬಕೆಟ್ಟಿನ ಕೆಂಪು ನೀರು ಬಂತು. ಒಂದು ಸಲ ಬೇಡ ಎನ್ನಲು ಹೊರಟಳು. ರಂಜನಿ ಹೇಳಿದ್ದು ನಿಜವೇ? ಬಣ್ಣ ಒಳಗೆ ಇಳಿದಿದೆಯೇ, ಮೇಲೇ ನಿಂತಿದೆಯೇ? ಅವಳು ಅದನ್ನು ಬೆರಳಿನಿಂದ ಮುಟ್ಟಿ ಸಹ ನೋಡಿರಲಿಲ್ಲ. ಧೈರ್ಯವಾಗಿರಲಿಲ್ಲ.

"ಒರೆಸು" ಎಂದಳು.

ಒದ್ದೆ ಬಟ್ಟೆ ತೊಟ್ಟಿಲಿನಿಂದ ಮೇಲೆ ಹೋಯಿತು. ಮಕ್ಕಳ ಮೇಲೆ, ಮಡಿಲಿನ ಮೇಲೆ, ಜಡೆಯ ಮೇಲೆ. ಮುಖದ ಹತ್ತಿರ ಒಂದು ಅಂಟಿನ ಕಲೆ ಕಂಡು ಆ ಹೆಂಗಸು ಬಟ್ಟೆಯನ್ನು ಮಡಚಿ, ಹೆಬ್ಬೆರಳೊತ್ತಿ ಬಲವಾಗಿ ತಿಕ್ಕಿದಳು.

ಬಟ್ಟೆ ಕೆಳಗಿಳಿಯಿತು. ವಾಸಂತಿ ಮೊದಲು ಬಟ್ಟೆಯನ್ನು ನೋಡಿದಳು, ಆಮೇಲೆ ಬಕೆಟ್ಟಿನ ನೀರನ್ನು. ಅಲ್ಲಿ ಸಿಮೆಂಟಿನ ಬೂದಿ ಬಣ್ಣ ಮಾತ್ರ ಇತ್ತು. ಅದಾದ ಮೇಲಷ್ಟೇ ತಲೆಯೆತ್ತಿ ಗೋಡೆ ನೋಡಿದಳು. ಜಿವತಿ ಮುಖ ತೊಳೆದುಕೊಂಡು ಬಂದವಳ ಹಾಗೆ, ಒದ್ದೆ ಕಣ್ಣು ತೆರೆದು, ಅವಳನ್ನೇ ನೋಡುತ್ತಿದ್ದಳು.